ಟವಲ್ ಕಟ್ಟಿ ಹಿಡಿದ ಜಾಗ

ದಾವಣಗೆರೆ

ಈ ಪ್ರವಾಸಕ್ಕೆ ಎಷ್ಟಾಯಿತು ಅಂತ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಶಾಮನೂರು ಕಡೆಯ ಹೊಸ ಲೇಔಟಿನಲ್ಲಿ ಒಂದು ಮೂಲೆ ಸೈಟು. ಅದಕ್ಕೆಂದು ತೆಗೆದಿಟ್ಟಿದ್ದ ದುಡ್ಡು ಯುರೋಪಿನ ರೈಲಿಗೆ, ಹೋಟೆಲಿಗೆ, ವಿಮಾನಕ್ಕೆ ಹೋಯಿತು. ಸೈಟನ್ನು ನನ್ನ ಪಕ್ಕದ ಅಂಗಡಿಯವರು ಹಿಡಿದರು. ಈಗ ಬೇಲಿ ಹಾಕಿಸಿದ್ದಾರೆ, ತೆಂಗಿನ ಸಸಿ ನೆಡಿಸಿದ್ದಾರೆ, ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೆ ಅದರ ಕುಶಲ ನನಗೆ ತಪ್ಪದೆ ತಿಳಿಸುತ್ತಾರೆ.

ಯಾಕೆ ಹೋಯಿತು ಅಂದರೆ, ನಮ್ಮಣ್ಣನ ಕಿವಿಗೆ.

ಅಣ್ಣನ ಹೆಸರು ಹಾಲೇಶಣ್ಣ. ನಮ್ಮದು ಹರಿಹರ ತಾಲೂಕಿನ ಕೊಕ್ಕನೂರು. ಹುಡುಗರಾಗಿದ್ದಾಗಲೇ ಇಬ್ಬರೂ ಊರು ಬಿಟ್ಟೆವು. ನಾನು ದಾವಣಗೆರೆಗೆ ಬಂದು ಮಿಲ್ಲಿನ ಕಟ್ ಪೀಸ್ ಬಟ್ಟೆಯ ಗಂಟು ಹೊತ್ತು ಸಂತೆ ಸಂತೆ ತಿರುಗಿದೆ, ಹಾಗೇ ಅಂಗಡಿ ಮಾಡಿಕೊಂಡೆ. ಅಣ್ಣ ಹರಿಹರದಲ್ಲಿ ಮದುವೆ ಬ್ಯಾಂಡ್ ಸೆಟ್ಟಿಗೆ ಸೇರಿ ಕ್ಲಾರಿನೆಟ್ ಹಿಡಿದ. ಮದುವೆ ಕಾಲದಲ್ಲಿ ಬಸ್ಸು ಸ್ಟ್ಯಾಂಡಿಗೆ ತಿರುಗುವ ಮೊದಲೇ ಓಡಿಹೋಗಿ, ಕಿಟಕಿಯೊಳಗೆ ಟವಲ್ ಎಸೆದು ಇಡೀ ಬ್ಯಾಂಡಿಗೆ ಜಾಗ ಹಿಡಿಯುತ್ತಿದ್ದವನು ಅವನೇ. ಹೆಗಲಿನ ಚೌಕುಳಿ ಟವಲ್ ಆಗಿನಿಂದ ಇಳಿದಿಲ್ಲ.

ಆಮೇಲೆ ಡಿಜೆ ಬಂತು. ಬ್ಯಾಂಡಿನ ಸದ್ದು ಯಾರಿಗೂ ಸಾಲದಾಯಿತು. ಕ್ಲಾರಿನೆಟ್ಟಿಗೂ ಮೈಕು ಕಟ್ಟಿದರು, ತಳ್ಳುಗಾಡಿಯ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಇಟ್ಟರು, ಅದರ ಪಕ್ಕದಲ್ಲೇ ಅಣ್ಣನನ್ನು ನಿಲ್ಲಿಸಿದರು. ವರ್ಷಗಟ್ಟಲೆ ಅಲ್ಲೇ ನಿಂತು ಎಡಗಿವಿ ಹೋಯಿತು. ಬಲಗಿವಿಗೆ ಮಿಷನ್ ಹಾಕಿದ ಡಾಕ್ಟರು ಹೋದ ವರ್ಷ ನನ್ನನ್ನು ಆಚೆ ಕರೆದು ಹೇಳಿದರು: "ಇದೂ ಇಳೀತಾ ಐತೆ ತಿಪ್ಪೇಶಪ್ಪಾರೆ. ಮಿಷನ್ ಹಾಕಿದ್ರೆ ಮಾತು ಇನ್ನೂ ಕೆಲವು ಕಾಲ ಕೇಳ್ತತೆ. ಸಂಗೀತ ಅಂದ್ರೆ ಈಗಲೇ ಕೇಳ್ಸಿಬಿಡ್ರಿ."

ಅಣ್ಣನಿಗೆ ಒಂದೇ ಒಂದು ಆಸೆ ಇತ್ತು. ಅವನಿಗೆ ಕ್ಲಾರಿನೆಟ್ ಕಲಿಸಿದ ಬ್ಯಾಂಡ್ ಮೇಸ್ತ್ರಿಯ ಮನೆಯಲ್ಲಿ ಒಂದು ರೇಡಿಯೋ ಇತ್ತು. ಅದರಲ್ಲಿ ಯಾವುದೋ ದೇಶದ ಸ್ಟೇಷನ್ನು, ಕೊರಕೊರ ಅನ್ನುವ ಸದ್ದಿನ ನಡುವೆ ದೊಡ್ಡ ವಾದ್ಯಮೇಳ. "ನೂರು ಮಂದಿ ಊದ್ತಾರೆ, ಬಾರಿಸ್ತಾರೆ ಕಣಲೇ ತಿಪ್ಪೇಶಿ, ಮೈಕಿಲ್ಲ. ಆದ್ರೂ ಒಬ್ಬರ ಮ್ಯಾಲೆ ಒಬ್ಬರು ಬೀಳಲ್ಲ. ಅದು ಹೆಂಗೆ ಅಂತ ಒಂದ್ಸಲ ಎದುರು ನಿಂತು ಕೇಳ್ಬೇಕು" ಅನ್ನುತ್ತಿದ್ದ. ಮೈಕಿಲ್ಲದೆ ಕೇಳಬೇಕು, ಅದೇ ಮುಖ್ಯ. ಸ್ಪೀಕರಿನ ಸದ್ದು ಮಿಷನ್ನಿನೊಳಗೆ ಹೋದರೆ ಈಗ ಅವನಿಗೆ ಬರೀ ತಗಡು ಬಡಿದ ಹಾಗೆ ಕೇಳಿಸುತ್ತದೆ.

ಮಗಳು ಸುಮಾ ಕಂಪ್ಯೂಟರ್ ಮುಂದೆ ಕೂತು ಎಲ್ಲ ಗೊತ್ತು ಮಾಡಿದಳು. ಬುಡಾಪೆಸ್ಟ್, ವಿಯೆನ್ನಾ, ಪ್ರಾಗ್. ನಡುವೆ ಎಲ್ಲ ಕಡೆ ರೈಲು. ವಾಪಸು ವಿಮಾನ ವಿಯೆನ್ನಾದಿಂದ. "ಅಪ್ಪ, ಸಂಗೀತ ಕಚೇರಿ ಟಿಕೆಟ್ಟೂ ಈಗಲೇ ಮಾಡಿಬಿಡ್ತೀನಿ" ಅಂದಳು. ನಾನು ಬೇಡವೆಂದೆ. ಸರಕು ಕಣ್ಣೆದುರಿಗೆ ಇಲ್ಲದೆ ರೇಟು ಒಪ್ಪುವವನು ವ್ಯಾಪಾರಿಯಲ್ಲ. ಆಟ ಶುರುವಾಗುವ ಹೊತ್ತಿಗೆ ಕೌಂಟರಿನ ಮುಂದೆ ನಿಂತರೆ ಯಾವ ಊರಿನಲ್ಲೂ ಬೆಲೆ ಇಳಿಯುತ್ತದೆ ಎಂಬುದು ನನ್ನ ಇಷ್ಟು ವರ್ಷದ ನಂಬಿಕೆ.

ಬುಡಾಪೆಸ್ಟ್

ಊರಿನ ಮಧ್ಯೆ ದೊಡ್ಡ ಹೊಳೆ, ಒಂದು ದಡದಲ್ಲಿ ಗುಡ್ಡ, ಗುಡ್ಡದ ಮೇಲೆ ಅರಮನೆ. ಚೆನ್ನಾಗಿದೆ. ಆದರೆ ಗುಡ್ಡ ಗುಡ್ಡವೇ. ನನ್ನ ಮೊಣಕಾಲಿಗೆ ಅರಮನೆಯಾದರೇನು, ನೀರಿನ ಟ್ಯಾಂಕಾದರೇನು. ಮೇಲೆ ಹತ್ತಿ ಕೂತು ಕೆಳಗಿನ ಸೇತುವೆ ನೋಡಿದಾಗ ಅಣ್ಣ ಅಂದ: "ನಮ್ಮ ಹರಿಹರದ ಸೇತುವಿ ಮ್ಯಾಗೆ ನಿಂತ್ರೂ ಗಾಳಿ ಇಷ್ಟಾ ಬರ್ತತೆ." ಅಲ್ಲಿಯವರೆಗೆ ಬಂದು ಹೇಳುವ ಮಾತೇ ಅದು ಅಂತ ನನಗೆ ಸಿಟ್ಟು ಬಂತು. ಆದರೆ ಬರುತ್ತಿದ್ದ ಗಾಳಿ ನಿಜಕ್ಕೂ ಅಷ್ಟೇ ಇತ್ತು.

ಹಳೆಯ ಚರ್ಚೊಂದರಲ್ಲಿ ಕಂಬಗಳಿಗೆ ಬಣ್ಣದ ಚಿತ್ತಾರ ಬರೆದಿದ್ದರು. ಅಣ್ಣ ಸಹಜವಾಗಿ ಹೋಗಿ ಕಂಬಕ್ಕೆ ಕೈ ಇಟ್ಟ. ಕಾವಲಿನವನು ಎಲ್ಲಿಂದಲೋ ಬಂದು ಬೆರಳು ಆಡಿಸಿದ. ಹರಿಹರೇಶ್ವರನ ಗುಡಿಯಲ್ಲಿ ತಿರುಗಣಿ ಹಾಕಿದಂತಿರುವ ಕಂಬಗಳನ್ನು ಮುಟ್ಟಿ, ನುಣುಪಿನಲ್ಲಿ ಮುಖ ನೋಡಿಕೊಂಡು ಬೆಳೆದವರು ನಾವು. ಅಣ್ಣ ಕೈ ಹಿಂದಕ್ಕೆ ಕಟ್ಟಿಕೊಂಡ. ಆಮೇಲೆ ಆ ಊರಿನಲ್ಲಿ ಕೈ ಮುಂದಕ್ಕೆ ತರಲೇ ಇಲ್ಲ.

ವಿಯೆನ್ನಾಕ್ಕೆ ಹೊರಡುವ ದಿನ ರೈಲಿನಲ್ಲಿ ಒಂದು ಫಜೀತಿ. ಸುಮಾ ಟಿಕೆಟ್ಟು ಮಾಡಿದ್ದಳು, ಸೀಟು ಕಾದಿರಿಸಿರಲಿಲ್ಲ. ಅಲ್ಲಿ ಎರಡೂ ಬೇರೆ ಬೇರೆ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಣ್ಣ ಹಳೆಯ ಅಭ್ಯಾಸದಂತೆ ಮೊದಲು ಹತ್ತಿ, ಕಿಟಕಿಯ ಪಕ್ಕದ ಎರಡು ಸೀಟಿಗೆ ಟವಲ್ ಹಾಸಿ, ಬಾಗಿಲಲ್ಲಿ ಪೆಟ್ಟಿಗೆಯೊಂದಿಗೆ ಹೆಣಗುತ್ತಿದ್ದ ನನ್ನನ್ನು ಕೂಗಿದ: "ಬಾರಲೇ, ಜಾಗ ಹಿಡಿದೀನಿ."

ಸ್ವಲ್ಪ ಹೊತ್ತಿಗೆ ಗಂಡ ಹೆಂಡತಿ ಬಂದರು. ಸೀಟಿನ ಮೇಲಿದ್ದ ಸಣ್ಣ ದೀಪದ ಅಕ್ಷರ ತೋರಿಸಿದರು, ತಮ್ಮ ಟಿಕೆಟ್ಟು ತೋರಿಸಿದರು. ಜಗಳವಿಲ್ಲ, ದನಿ ಏರಿಸಲಿಲ್ಲ. ಆ ಹೆಂಗಸು ಅಣ್ಣನ ಟವಲನ್ನು ಎರಡು ಕೈಯಿಂದ ಎತ್ತಿ, ಇಸ್ತ್ರಿ ಬಟ್ಟೆಯಂತೆ ಮಡಿಸಿ ಅವನ ಕೈಗೆ ಕೊಟ್ಟಳು. ನಮ್ಮಲ್ಲಾದರೆ ಟವಲ್ ಕಿಟಕಿಯಾಚೆ ಹೋಗುತ್ತಿತ್ತು, ಅದರ ಹಿಂದೆ ನಾಲ್ಕು ಮಾತೂ ಹೋಗುತ್ತಿದ್ದವು. ಜಗಳವಾಡಿದ್ದರೆ ಅಣ್ಣನಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ವಿಯೆನ್ನಾವರೆಗೆ ಬಾಗಿಲ ಹತ್ತಿರ ಪೆಟ್ಟಿಗೆಯ ಮೇಲೆ ಕೂತೇ ಹೋದೆವು.

"ಇಲ್ಲಿ ಟವಲ್ ನಡೆಯಲ್ಲ ಕಣಲೇ" ಅಂದ ಅಣ್ಣ.

ವಿಯೆನ್ನಾ

ಹೋದ ಕೂಡಲೆ ಪೆಟ್ಟಿಗೆ ಹೋಟೆಲಿನಲ್ಲಿಟ್ಟು, ಊರಿಗೆಲ್ಲ ಹೆಸರಾದ ಹಳೆಯ ಸಂಗೀತ ಭವನದ ಕೌಂಟರಿಗೆ ಹೋದೆವು. ನಾವಿರುವಷ್ಟು ದಿನದ ಸೀಟುಗಳೆಲ್ಲ ಎಂದೋ ಮುಗಿದಿದ್ದವು. ಕೊನೆಯ ಗಳಿಗೆಗೆ ಬೆಲೆ ಇಳಿಯುವ ಮಾತಿರಲಿ, ಏರಿಸಿ ಕೊಡುತ್ತೇನೆಂದರೂ ಇಲ್ಲ. ಕೌಂಟರಿನಾಕೆ ಇನ್ನೂ ಏನೋ ಹೇಳುತ್ತಿದ್ದಳು. "ಸ್ಟ್ಯಾಂಡಿಂಗ್" ಅನ್ನುವ ಪದ ಕೇಳಿಸಿತು. ಅರವತ್ತು ದಾಟಿದ ಇಬ್ಬರಿಗೆ ನಿಂತುಕೊಳ್ಳಲು ಹೇಳುತ್ತಾಳಲ್ಲ ಎಂದು ಮಾತು ಮುಗಿಯುವ ಮೊದಲೇ ತಿರುಗಿಬಂದೆ. ಇಷ್ಟು ದೂರ ಕರೆತಂದು ಅಣ್ಣನನ್ನು ನಿಲ್ಲಿಸುವುದುಂಟೇ.

ದೊಡ್ಡ ಚರ್ಚಿನ ಮುಂದಿನ ಬಯಲಿನಲ್ಲಿ ನಾಟಕದ ರಾಜನ ಪಾರ್ಟಿನವನಂಥ ಒಬ್ಬ ನಿಂತಿದ್ದ. ಬಿಳಿ ಕೂದಲಿನ ಟೋಪನ್ನು, ಕೆಂಪು ಮಖಮಲ್ಲಿನ ಉದ್ದ ಕೋಟು, ಮೊಣಕಾಲವರೆಗೆ ಕಾಲುಚೀಲ, ಕೆಳಗೆ ಓಟದ ಬೂಟು. ಕೈಯಲ್ಲಿ ಬಣ್ಣದ ಚಿತ್ರಗಳ ಫೈಲು. ಇವತ್ತೇ ಸಂಜೆ ಕಚೇರಿ, ಅರಮನೆಯ ಒಳಗೆ, ಮುಂದಿನ ಸಾಲು ಬೇಕಾದರೂ ಇದೆ ಅಂದ. ನನಗೆ ಎಷ್ಟೋ ದಿನದ ಮೇಲೆ ನಮ್ಮವನೊಬ್ಬ ಸಿಕ್ಕಿದಂತಾಯಿತು. ಅವನು ರೇಟು ಹೇಳಿದ, ನಾನು ನಕ್ಕೆ. ಅವನು ಇಳಿದ, ನಾನು ಅಣ್ಣನ ತೋಳು ಹಿಡಿದು ಹೊರಟೆ. ಅವನು ಹಿಂದೆ ಬಂದ. ಚಳಿಯಲ್ಲಿ ಅವನ ಮೂಗು ಸೋರುತ್ತಿತ್ತು, ನನಗೆ ಮೈ ಬಿಸಿಯಾಗಿತ್ತು. ಮಾತಾಡುತ್ತ ಅವನ ಕೋಟಿನ ಅಂಚು ಹಿಡಿದು ನೋಡಿದೆ: ಮಖಮಲ್ ಅಲ್ಲ, ಪಾಲಿಯೆಸ್ಟರ್. ಕೊನೆಗೆ ಅವನು ಮೊದಲು ಹೇಳಿದ್ದರ ಅರ್ಧಕ್ಕೆ ಮುಂದಿನ ಸಾಲಿನ ಎರಡು ಸೀಟು ಕೊಟ್ಟ.

"ನೋಡ್ದ್ಯಾ ಅಣ್ಣ, ಸುಮಾ ಮಾತು ಕೇಳಿದ್ರೆ ಏನಾಗ್ತಿತ್ತು" ಅಂದೆ.

ಅಣ್ಣ ಆ ಸಂಜೆ ಗಡ್ಡ ಬೋಳಿಸಿಕೊಂಡ. ರೇಷ್ಮೆ ಜುಬ್ಬ ಹಾಕಿದ. ಮಿಷನ್ನಿನ ಬ್ಯಾಟರಿ ಹೊಸದು ಹಾಕಿಸಿಕೊಂಡ. ಕ್ಲಾರಿನೆಟ್ ಊದಲು ಹೋಗುವಾಗ ಮಾಡುತ್ತಿದ್ದಂತೆ ಹೊಟ್ಟೆ ತುಂಬ ಉಣ್ಣಲಿಲ್ಲ.

ಅರಮನೆಯ ಹಿಂಬದಿಯ ಒಂದು ಸಣ್ಣ ಹಾಲ್. ಟೋಪನ್ ಹಾಕಿದ ಏಳೆಂಟು ಜನ ಬಂದು ಕೂತರು. ನೂರು ಜನರಿಲ್ಲ, ಹೋಗಲಿ ಅಂದುಕೊಂಡೆ. ಆಮೇಲೆ ಕಂಡಿತು. ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಕರಿ ಪೆಟ್ಟಿಗೆ. ನಾನು ಗುದ್ದಾಡಿ ಇಸಿದುಕೊಂಡ ಸೀಟು ಬಲಗಡೆಯ ಪೆಟ್ಟಿಗೆಯ ಎದುರಿಗೇ ಇತ್ತು.

ಮೊದಲ ಸದ್ದಿಗೇ ಅಣ್ಣನ ಭುಜ ಮೇಲೆದ್ದಿತು. ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ಕಿವಿಯಿಂದ ಮಿಷನ್ ತೆಗೆದು ಜುಬ್ಬದ ಜೇಬಿಗೆ ಹಾಕಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತ. ಸುತ್ತಲಿನ ಪ್ರವಾಸಿಗಳು ಚಪ್ಪಾಳೆ ತಟ್ಟಿದಾಗ ಅವರನ್ನು ನೋಡಿ ತಾನೂ ತಟ್ಟಿದ.

ಅಂಗಡಿಗೆ ಬಂದ ಹೆಂಗಸರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಮೊದಲು ಬಟ್ಟೆ ಮುಟ್ಟಿ ನೋಡ್ರಿ ತಾಯಿ, ಆಮೇಲೆ ರೇಟಿನ ಮಾತು. ಆ ರಾಜನ ಹತ್ತಿರ ಅಷ್ಟು ಹೊತ್ತು ನಿಂತು ಕೋಟಿನ ಬಟ್ಟೆ ಮುಟ್ಟಿ ನೋಡಿದ್ದೆ. ಮೈಕು ಇದೆಯೋ ಇಲ್ಲವೋ ಎಂದು ಮಾತ್ರ ಕೇಳಿರಲಿಲ್ಲ.

ಹೊರಗೆ ಬಂದ ಮೇಲೆ ಅವನ ಮುಖದ ಮುಂದೆ ನಿಂತು ಕೇಳಿದೆ: "ಹೆಂಗಿತ್ತಣ್ಣ?"

"ಡ್ರೆಸ್ಸು ಚೆನ್ನಾಗಿತ್ತು" ಅಂದ.

ಪ್ರಾಗ್

ಕಲ್ಲು ಹಾಸಿದ ಬೀದಿಗಳು ನೋಡಲು ಚಂದ, ಚಕ್ರದ ಪೆಟ್ಟಿಗೆಗೆ ಶತ್ರು. ಸ್ಟೇಷನ್ನಿನಿಂದ ಹೋಟೆಲಿಗೆ ಎಳೆಯುವಷ್ಟರಲ್ಲಿ ಒಂದು ಚಕ್ರ ಕಳಚಿತು. ಆಮೇಲಿನ ದಾರಿಯೆಲ್ಲ ಅದನ್ನು ಹೊತ್ತೇ ನಡೆದೆ. ಕಟ್ ಪೀಸಿನ ಗಂಟು ಇಳಿಸಿ ಇಷ್ಟು ವರ್ಷವಾಯಿತು, ಯುರೋಪಿನಲ್ಲಿ ಮತ್ತೆ ತಲೆಗೇರಿತಲ್ಲ ಅನ್ನಿಸಿತು.

ಅಲ್ಲಿಯ ಹಳೆಯ ಸೇತುವೆಯ ಮೇಲೆ ಜನ ಎಷ್ಟೆಂದರೆ ನಿಲ್ಲಬೇಕಾಗಿಲ್ಲ, ನಡೆಯಬೇಕಾಗಿಲ್ಲ, ಅವರೇ ಸಾಗಿಸುತ್ತಾರೆ. ಗಡಿಯಾರದ ಗೋಪುರದ ಕೆಳಗೆ ಅಷ್ಟೂ ಮಂದಿ ಫೋನು ಎತ್ತಿ ಹಿಡಿದು ಕಾದರು. ಗಂಟೆ ಹೊಡೆಯಿತು, ಬೊಂಬೆಗಳು ಕಿಟಕಿಯಲ್ಲಿ ಹಾದುಹೋದವು, ಕಿಟಕಿ ಮುಚ್ಚಿತು. "ಅಷ್ಟಾನಾ" ಅಂತ ಅವರವರ ಭಾಷೆಯಲ್ಲಿ ಎಲ್ಲರೂ ಅಂದದ್ದು ನನಗೆ ಅರ್ಥವಾಯಿತು. ಅಣ್ಣನಿಗೆ ಗಂಟೆ ಕೇಳಿಸಲಿಲ್ಲ. ಆಗ ಗಮನಿಸಿದೆ: ವಿಯೆನ್ನಾದ ಆ ಸಂಜೆಯಿಂದ ಅವನು ಮಿಷನ್ ಹಾಕಿಯೇ ಇರಲಿಲ್ಲ. ಅದು ಜೇಬಿನಲ್ಲೇ ಇತ್ತು.

ವಾದ್ಯಗಳ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಮಹಡಿಯ ಮೇಲೊಂದು ಗಾಜಿನ ಕಪಾಟಿನಲ್ಲಿ ಹಳೆಯ ಕಾಲದ ಕ್ಲಾರಿನೆಟ್ಟುಗಳು. ನಮ್ಮ ಕರಿ ಕ್ಲಾರಿನೆಟ್ಟಿನಂತಲ್ಲ. ಜೇನಿನ ಬಣ್ಣದ ಮರ, ಬೆರಳೆಣಿಕೆಯ ಹಿತ್ತಾಳೆ ಕೀಲಿ. ಅಣ್ಣ ಗಾಜಿಗೆ ಮೂಗು ತಾಗುವಷ್ಟು ಬಾಗಿದ. ಕುರ್ಚಿಯಲ್ಲಿದ್ದ ಕಾವಲಿನ ಹೆಂಗಸು ಎದ್ದು ನಿಂತಳು. ಅವನ ಕೈ ಮಾತ್ರ ಹಿಂದೆಯೇ ಕಟ್ಟಿಕೊಂಡಿತ್ತು. ಬೆರಳು ಬೆನ್ನ ಹಿಂದೆ ಆಡುತ್ತಿದ್ದವು.

ಪಕ್ಕದಲ್ಲಿ ಆ ವಾದ್ಯದ ಸದ್ದು ಕೇಳಲು ಹೆಡ್‌ಫೋನ್ ನೇತುಹಾಕಿದ್ದರು. "ಹಾಕ್ಕಂಡು ನೋಡಣ್ಣ" ಅಂತ ಸನ್ನೆ ಮಾಡಿದೆ. ಹಾಕಿಕೊಂಡ, ಕಣ್ಣು ಕಿರಿದು ಮಾಡಿದ, ತೆಗೆದು ಮೊಳೆಗೆ ಸರಿಯಾಗಿ ನೇತುಹಾಕಿದ.

"ಮಿಷನ್ ಹಾಕ್ಕಳಲೇ ಇಲ್ವಲ್ಲ" ಅಂತ ಅವನ ಬಲಗಿವಿಗೆ ಬಾಯಿಟ್ಟು ಹೇಳಿದೆ.

"ಹಾಕಿ ಏನ್ ಕೇಳ್ಬೇಕು ಬಿಡು. ಸಾಕು ತಿಪ್ಪೇಶಿ. ಊರಿಗೆ ಹೋಗಾನ."

ಸುಮಾಗೆ ಫೋನು ಮಾಡಿದೆ. ವಿಯೆನ್ನಾದಿಂದ ನಮ್ಮ ವಿಮಾನಕ್ಕೆ ಇನ್ನೂ ಎರಡು ದಿನವಿತ್ತು. ಅದಕ್ಕೂ ಮೊದಲಿನ ವಿಮಾನಕ್ಕೆ ಬದಲಿಸಬಹುದೇ ಅಂತ ಕೇಳಿದೆ. ಅವಳು ಅದನ್ನು ಬಿಟ್ಟು, "ದೊಡ್ಡಪ್ಪ ಕಚೇರಿ ಕೇಳಿದ್ರಾ?" ಅಂದಳು. ನಾನು ರೈಲಿಗೆ ಹೊತ್ತಾಯಿತೆಂದು ಫೋನಿಟ್ಟೆ.

ಸದ್ದಿಲ್ಲದ ಬೋಗಿ

ವಿಯೆನ್ನಾಕ್ಕೆ ವಾಪಸು ಹೋಗುವ ರೈಲಿಗೆ ಈ ಸಲ ಸೀಟು ಕಾದಿರಿಸಿದ್ದೆವು. ಆದರೆ ಸೀಟು ಸಿಕ್ಕಿದ್ದು ಮಾತಾಡಬಾರದ ಬೋಗಿಯಲ್ಲಿ. ಆ ದೇಶದ ರೈಲುಗಳಲ್ಲಿ ಹಾಗೊಂದು ಬೋಗಿ ಇರುತ್ತದೆ, ಬಾಯಿಗೆ ಬೆರಳಿಟ್ಟ ಚಿತ್ರ ಅಂಟಿಸಿರುತ್ತಾರೆ. ಆ ಚಿತ್ರ ನೋಡಿ ನಾನು ಇದನ್ನು ಮಕ್ಕಳು ಮಲಗುವ ಬೋಗಿ ಅಂದುಕೊಂಡಿದ್ದೆ.

ಮಿಷನ್ ಹಾಕದ ಅಣ್ಣನೊಂದಿಗೆ ಮಾತಾಡುವುದೆಂದರೆ ಸಂತೆಯಲ್ಲಿ ಕೂಗಿದಂತೆ. "ಅಣ್ಣ, ಮಂಡಕ್ಕಿ ತಿಂತೀಯಾ?" ಅಂದೆ. ಬೋಗಿಯ ಅರ್ಧ ತಲೆಗಳು ತಿರುಗಿದವು. "ಏನು?" ಅಂತ ಅಣ್ಣ ನನಗಿಂತ ಜೋರಾಗಿ ಕೇಳಿದ. ಉಳಿದರ್ಧವೂ ತಿರುಗಿದವು. ಮಂಡಕ್ಕಿಯ ಪ್ಲಾಸ್ಟಿಕ್ ಚೀಲ ಬಿಚ್ಚಿದ ಸದ್ದಿಗೆ ಎದುರಿನ ಗಡ್ಡದವನು ಪುಸ್ತಕ ಮುಚ್ಚಿದ. ನನ್ನ ಹೆಂಡತಿ ಕಲಸಿಕೊಟ್ಟ ಖಾರದ ಮಂಡಕ್ಕಿ ಗರಿಗರಿಯಾಗಿತ್ತು. ಅದರ ಸದ್ದು ಇಷ್ಟು ಕೇಳಿಸುವುದೆಂದು ದಾವಣಗೆರೆಯಲ್ಲಿದ್ದಾಗ ನನಗೆ ಗೊತ್ತೇ ಇರಲಿಲ್ಲ. ಗಡ್ಡದವನು ಎದ್ದು ಬಂದು ಬೆರಳಿನ ಚಿತ್ರ ತೋರಿಸಿದ. ನಾನು ಅಣ್ಣನ ಕಿವಿ ತೋರಿಸಿ ಕೈಯಾಡಿಸಿದೆ. ಅವನಿಗೆ ನಾಚಿಕೆಯಾಯಿತು, ನನಗೂ ಆಯಿತು, ಏನೆಂದು ಅಣ್ಣ ಕೇಳಿದ್ದು ಮತ್ತೆ ಬೋಗಿಗೆಲ್ಲ ಕೇಳಿಸಿತು.

ಸಾಲಿನ ಆಚೆ ಬದಿಗೆ ಒಬ್ಬ ಮುದುಕಿ ಕೂತಿದ್ದಳು. ಬೆಳ್ಳಿಗೂದಲು, ಕೊರಳಿಗೆ ನೀಲಿ ಸ್ಕಾರ್ಫು. ಅವಳು ಕೂದಲು ಸರಿಸಿ ತನ್ನ ಕಿವಿ ತೋರಿಸಿದಳು. ಎರಡೂ ಕಿವಿಗೆ ಮಿಷನ್. ನನ್ನನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು, ಇವರದೆಲ್ಲಿ? ಜೇಬು ತೋರಿಸಿದೆ. ನನ್ನದು ವ್ಯಾಪಾರದ ಇಂಗ್ಲಿಷು, ಅವಳದು ಹಗುರ ಇಂಗ್ಲಿಷು, ಎರಡೂ ಹೇಗೋ ಕೂಡಿದವು. ಅಣ್ಣ ಕ್ಲಾರಿನೆಟ್ಟಿನವನೆಂದೆ. ಟೋಪನ್ನಿನವನ ಕಥೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. ಆ ಒಂದು ಸನ್ನೆಗೆ ಭಾಷಾಂತರ ಬೇಕಾಗಲಿಲ್ಲ.

ಆಮೇಲೆ ಅವಳು ಅಣ್ಣನ ಕಡೆ ತಿರುಗಿದಳು. ಎದ್ದು ನಿಂತು ಎರಡು ಕಾಲು ತೋರಿಸಿದಳು: ನಿಲ್ಲಬೇಕು. ಕೊರಳಿನ ಸ್ಕಾರ್ಫು ಬಿಚ್ಚಿ ಸೀಟಿನ ಕೈಗೆ ಗಂಟು ಹಾಕಿದಳು. ಎದೆ ಮುಟ್ಟಿಕೊಂಡಳು: ಇದು ನನ್ನ ಜಾಗ. ಕಾಫಿ ಕುಡಿಯುವಂತೆ ಮಾಡಿ ಅತ್ತ ಹೋಗಿ ಬಂದು, ಸ್ಕಾರ್ಫು ಮುಟ್ಟಿ, ಮತ್ತೆ ನಿಂತಳು. ವಿಯೆನ್ನಾದ ದೊಡ್ಡ ಭವನದಲ್ಲಿ, ಸೀಟುಗಳ ಹಿಂದೆ, ನಿಂತು ಕೇಳುವವರಿಗೆ ಜಾಗವಿದೆಯಂತೆ. ಆ ಟಿಕೆಟ್ಟು ಅದೇ ದಿನ ಸಿಗುತ್ತದೆ. ಮುಂದಿನ ಕಂಬಿಗೆ ಯಾರು ಮೊದಲು ಸ್ಕಾರ್ಫು ಕಟ್ಟುತ್ತಾರೋ ಅವರದೇ ಆ ಜಾಗ. ಓದುವ ಕಾಲದಿಂದಲೂ ಅವಳು ಕೇಳುತ್ತ ಬಂದದ್ದು ಹಾಗೆಯೇ.

ಅಣ್ಣ ಎಲ್ಲವನ್ನೂ ಬಾಯಿ ತೆರೆದು ನೋಡಿದ. ಆಮೇಲೆ ಹೆಗಲ ಟವಲ್ ಎಳೆದು, ತನ್ನ ಸೀಟಿನ ಕೈಗೆ ಒಂದೇ ಎಳೆತಕ್ಕೆ ಗಂಟು ಬಿಗಿದು, ಅವಳ ಕಡೆ ಹುಬ್ಬು ಹಾರಿಸಿದ. ಅವಳು ನಕ್ಕಳು.

"ಲೇ, ಇದು ನಮ್ ಹರಿಹರ ಬಸ್‌ಸ್ಟ್ಯಾಂಡಲೇ" ಅಂದ. ಸದ್ದಿಲ್ಲದ ಬೋಗಿಯಲ್ಲಿ ಅದು ಡಿಜೆಯಂತೆ ಕೇಳಿಸಿತು. ಯಾರೂ ಏನೂ ಅನ್ನಲಿಲ್ಲ. ಅವನು ಜೇಬಿಗೆ ಕೈ ಹಾಕಿ ಮಿಷನ್ ತೆಗೆದು ಟವಲಿನ ತುದಿಯಿಂದ ಒರೆಸಿಕೊಂಡ.

ಮತ್ತೆ ವಿಯೆನ್ನಾ

ಮರುದಿನ ಮಧ್ಯಾಹ್ನವೇ ಕೌಂಟರಿಗೆ ಹೋದೆ. ಅದೇ ಹೆಂಗಸು. ಈ ಸಲ ಬೆಲೆ ಕೇಳುವ ಮೊದಲು ಕೇಳಿದೆ: ಮೈಕ್ ಇದೆಯೇ? ಅವಳಿಗೆ ಅರ್ಥವಾಗಲಿಲ್ಲ. ಮೈಕು ಹಿಡಿದು ಹಾಡುವಂತೆ ಮಾಡಿ ತೋರಿಸಿದೆ. ಇಲ್ಲಿ ವಾದ್ಯಮೇಳಕ್ಕೆ ಯಾರೂ ಎಂದೂ ಮೈಕು ಇಟ್ಟಿಲ್ಲ ಅಂದಳು, ನಾನು ಅವಳ ಮನೆತನದ ಬಗ್ಗೆ ಏನೋ ಅಂದವನಂತೆ. ಆಮೇಲೆ ಬೆಲೆ ಹೇಳಿದಳು. ನಮ್ಮ ಬೆಣ್ಣೆ ದೋಸೆಗೆ ಮನೆಮಂದಿಯೆಲ್ಲ ಕೂತೆದ್ದರೆ ಆಗುವುದಕ್ಕಿಂತ ತುಸು ಹೆಚ್ಚು. ಚೌಕಾಸಿಗೆ ಜಾಗವೇ ಉಳಿಯಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿ ಕೊಟ್ಟೆ.

ಸಂಜೆ ಬಾಗಿಲು ತೆರೆಯುವ ಮೊದಲೇ ಸಾಲು. ಓದುವ ಹುಡುಗಿಯರು, ಕೋಲು ಹಿಡಿದ ಮುದುಕರು, ಎಲ್ಲರೂ ಕೊರಳಿಗೆ ಏನೋ ಸುತ್ತಿಕೊಂಡವರು. ಕೋಟುಗಳನ್ನು ಹೊರಗೇ ಬಿಟ್ಟು ಬರಬೇಕು. ಬಾಗಿಲಿನವನು ಅಣ್ಣನ ಟವಲ್ ನೋಡಿ ಅದನ್ನೂ ಅಲ್ಲೇ ಬಿಡಿ ಅಂದ.

"ಸ್ಕಾರ್ಫ್" ಅಂದೆ.

ಅವನು ಅಣ್ಣನ ಹೆಗಲ ಕಡೆ ನೋಡಿದ. "ಇದು ಟವಲ್" ಅಂದ.

"ನಮ್ಮ ದೇಶದ ಸ್ಕಾರ್ಫ್. ಬೇಕಾದರೆ ಮುಟ್ಟಿ ನೋಡಿ" ಅಂದೆ. ಸಣ್ಣ ನೂಲಿನ ಸರಕು, ತೊಳೆದೂ ತೊಳೆದೂ ಮೆತ್ತಗಾದದ್ದು, ನನ್ನ ಅಂಗಡಿಯದೇ. ಅವನು ಎರಡು ಬೆರಳಿನಿಂದ ತುದಿ ಉಜ್ಜಿ ನೋಡಿದ. ತಲೆಯಾಡಿಸಿದ. ಇಡೀ ಪ್ರವಾಸದಲ್ಲಿ ನನ್ನ ವ್ಯಾಪಾರ ಸರಿಯಾಗಿ ಕುದುರಿದ್ದು ಅಷ್ಟು.

ಬಾಗಿಲು ತೆರೆದದ್ದೇ ತಡ, ಅಣ್ಣ ಓಡಿದ. ನಿಜಕ್ಕೂ ಓಡಿದ. ನಾನು ಹೋಗುವಷ್ಟರಲ್ಲಿ ಮುಂದಿನ ಕಂಬಿಯ ನಡುಮಧ್ಯೆ ಟವಲ್ ಕಟ್ಟಿ, ಒಂದು ಕೈ ಈಚೆ ಚಾಚಿ ನನಗೂ ಜಾಗ ಹಿಡಿದಿದ್ದ. ಆಚೆಗೊಂದು ರೇಷ್ಮೆ, ಈಚೆಗೊಂದು ಉಣ್ಣೆ, ನಡುವೆ ನಮ್ಮ ಚೌಕುಳಿ.

ಶುರುವಾಗಲು ಇನ್ನೂ ಹೊತ್ತಿತ್ತು. ಎಲ್ಲರೂ ಸ್ಕಾರ್ಫುಗಳನ್ನು ಬಿಟ್ಟು ಹೊರಗೆ ಹೋದರು. ನನಗೆ ಧೈರ್ಯವಿರಲಿಲ್ಲ. "ಬಾರಲೇ, ಗಂಟು ನಂದು" ಅಂತ ಅಣ್ಣನೇ ಎಳೆದುಕೊಂಡು ಹೋದ. ಮೆಟ್ಟಿಲ ಮೇಲೆ ಕೂತು ಮಂಡಕ್ಕಿಯ ಕೊನೆಯ ಹಿಡಿ ತಿಂದೆವು. ವಾಪಸು ಬಂದಾಗ ಕಂಬಿಯ ಹತ್ತಿರ ಜನ ಒತ್ತಾಗಿದ್ದರು. ಟವಲಿನ ಹಿಂದೆ ಮಾತ್ರ ಇಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿದಿತ್ತು.

ವೇದಿಕೆ ತುಂಬಿತು. ನೂರು ಇದ್ದರೋ ಇಲ್ಲವೋ ನಾನು ಎಣಿಸಲಿಲ್ಲ. ಮೊದಲು ಒಂದು ವಾದ್ಯ ಒಂದೇ ಸ್ವರ ಹಿಡಿಯಿತು, ಉಳಿದವರೆಲ್ಲ ಅದಕ್ಕೆ ಬಂದು ಕೂಡಿಕೊಂಡರು. ಅದು ಬರೀ ಶ್ರುತಿ ಮಾಡಿಕೊಳ್ಳುವುದು, ಕಚೇರಿ ಇನ್ನೂ ಶುರುವಾಗಿರಲಿಲ್ಲ. ಅಣ್ಣ ಆಗಲೇ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದ.

ಸಂಗೀತದ ಬಗ್ಗೆ ನನಗೆ ಹೇಳಲು ಬರುವುದಿಲ್ಲ. ನನಗೆ ಗೊತ್ತಾದದ್ದು ಇಷ್ಟು. ಆ ಜನ ಕೆಮ್ಮನ್ನು ಕೂಡ ತಡೆದಿಟ್ಟುಕೊಳ್ಳುತ್ತಾರೆ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಮೊದಲು ಇಡೀ ಹಾಲ್ ಒಟ್ಟಿಗೇ ಕೆಮ್ಮುತ್ತದೆ. ಎರಡನೆಯ ಭಾಗಕ್ಕೆ ನನ್ನ ಕಾಲು ಕೈಕೊಟ್ಟಿತು. ಹಿಂದೆ ಹೋಗಿ ಗೋಡೆಗೊರಗಿ ನೆಲಕ್ಕೆ ಕೂತೆ. ಅಲ್ಲಿ ಕೂತವರು ಬೇರೆಯವರೂ ಇದ್ದರು, ಒಬ್ಬ ಹುಡುಗ ಬೂಟು ಕಳಚಿದ್ದ. ಅಲ್ಲಿಂದ ನನಗೆ ವೇದಿಕೆ ಕಾಣಿಸಲಿಲ್ಲ. ಜನರ ಕಾಲುಗಳ ಸಂದಿಯಿಂದ ಅಣ್ಣನ ಕೈ ಕಾಣಿಸುತ್ತಿತ್ತು, ಕಂಬಿಯ ಮೇಲೆ.

ಎಲ್ಲ ಸದ್ದೂ ಇಳಿದು ಒಂದೇ ವಾದ್ಯ ಉಳಿಯಿತು. ಅದು ಯಾವುದೆಂದು ನನಗೂ ತಿಳಿಯಿತು. ಹರಿಹರದಲ್ಲಿ ಅಣ್ಣನ ಮನೆಯ ಪಡಸಾಲೆಯಲ್ಲಿ ಹೋದಾಗಲೆಲ್ಲ ಕೇಳಿದ ಸದ್ದದು. ಅಣ್ಣನ ಬೆರಳುಗಳು ಕಂಬಿಯ ಮೇಲೆ ಏಳುತ್ತ ಬೀಳುತ್ತ ಇದ್ದವು. ನುಡಿಸುವವನಿಗಿಂತ ಸ್ವಲ್ಪ ಹಿಂದೆ, ಕಲಿಯುವವನ ಹಾಗೆ.

ಮುಗಿದ ಮೇಲೆ ಜನ ಕರಗುವವರೆಗೆ ಅಣ್ಣ ಅಲ್ಲೇ ನಿಂತಿದ್ದ. ಹೋಗಿ ಮುಖದ ಮುಂದೆ ನಿಂತೆ.

"ಕೇಳ್ತಾ?"

ಅವನು ಟವಲಿನ ಗಂಟು ಬಿಚ್ಚುತ್ತ ಅಂದ: "ಪಿಟೀಲಿನ ಮ್ಯಾಲಿನ ಸ್ವರ ಬರ್ಲಿಲ್ಲ ಕಣಲೇ. ಕೈ ಆಡ್ಸೋದು ಕಾಣ್ತಿತ್ತು, ಸದ್ದಿಲ್ಲ. ಒಂದೊಂದ್ಸಲ ಅಷ್ಟೂ ಮಂದಿ ಸುಮ್ನೆ ಕೈ ಆಡ್ಸಿದಂಗೆ."

ಟವಲಿನ ಇನ್ನೊಂದು ತುದಿ ನಾನು ಹಿಡಿದುಕೊಂಡೆ.

"ಕ್ಲಾರಿನೆಟ್ ಬಂತು" ಅಂದ. "ಪೂರ್ತಿ ಬಂತು. ಉಸಿರು ತಗಳೋದೂ ಕೇಳ್ತು." ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಒಂದ್ವರ್ಷ ತಡ ಮಾಡಿದ್ರೆ ಅದೂ ಇರ್ತಿರ್ಲಿಲ್ಲ. ನಡಿ, ಕಾಲು ಸೋತವೆ."

ಹೋಗುವವರಿಗೆ

ಹೋಗುವವರು ಚಕ್ರದ ಪೆಟ್ಟಿಗೆ ಒಯ್ಯಬೇಡಿ, ಹೆಗಲಿಗೆ ಹಾಕುವ ಚೀಲ ಒಯ್ಯಿರಿ. ರೈಲಿನ ಟಿಕೆಟ್ಟು ಬೇರೆ, ಸೀಟು ಬೇರೆ. ಎರಡನ್ನೂ ಕೇಳಿ ಮಾಡಿಸಿ. ಬಾಯಿಗೆ ಬೆರಳಿಟ್ಟ ಚಿತ್ರವಿರುವ ಬೋಗಿಗೆ ಮಂಡಕ್ಕಿ ತೆಗೆದುಕೊಂಡು ಹತ್ತಬೇಡಿ. ಟೋಪನ್ ಹಾಕಿದವನು ಎಷ್ಟು ಇಳಿದರೂ ಇಳಿಯಲಿ, ನಿಮಗೆ ಬೇಕಾದದ್ದು ಅವನ ಹತ್ತಿರ ಇದೆಯೇ ಎಂದು ಮೊದಲು ಕೇಳಿ. ಕೌಂಟರಿನವರು ಮಾತು ಮುಗಿಸುವವರೆಗೆ ನಿಲ್ಲಿ. ಮೊಣಕಾಲಿಗೆ ಎಣ್ಣೆ ಇಟ್ಟುಕೊಳ್ಳಿ. ಒಂದು ಒಳ್ಳೆಯ ಟವಲ್ ಇಟ್ಟುಕೊಳ್ಳಿ. ಯಾರಾದರೂ ಕೇಳಿದರೆ ಸ್ಕಾರ್ಫು ಅನ್ನಿ.

ಅಣ್ಣನಿಗೆ ಈಗ ಮಾತೂ ಅರ್ಧ ಮಾತ್ರ ಕೇಳಿಸುತ್ತದೆ. ಅಂಗಡಿಗೆ ಬಂದರೆ ನನ್ನ ಪಕ್ಕ ಕೂತು ಗಿರಾಕಿಗಳ ಬಾಯಿ ನೋಡುತ್ತಾನೆ. ಪಕ್ಕದವರು ಸೈಟಿನ ಸುದ್ದಿ ಹೇಳಲು ಬಂದಾಗ ತಲೆಯಾಡಿಸುತ್ತಾನೆ, ಬೆರಳು ಗಲ್ಲಾಪೆಟ್ಟಿಗೆಯ ಅಂಚಿನ ಮೇಲೆ ಆಡುತ್ತಿರುತ್ತವೆ.

ಕೊನೆಯದಾಗಿ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಟೀವಿಯ ಸದ್ದನ್ನು ದಿನದಿಂದ ದಿನಕ್ಕೆ ಏರಿಸುತ್ತಿದ್ದರೆ, ಅವರಿಗೆ ಏನು ಕೇಳುವ ಆಸೆಯಿದೆ ಅಂತ ಇವತ್ತೇ ವಿಚಾರಿಸಿ. ಶಾಮನೂರಿನಲ್ಲಿ ಇನ್ನೂ ಸೈಟುಗಳಿವೆ.